ನಿಮಗಿದು ಗೊತ್ತೇ? ಬಣ್ಣ ಹಚ್ಚಿದ ಗೆಳತಿಯರು

ಮಾನ್ವಿ ತಾಲ್ಲೂಕಿನ ಕುರ್ಡಿಯಂಥ ಊರುಗಳ ಜಾತ್ರೆಯ ನಾಟಕದಲ್ಲಿ ಗಂಡುಪಾತ್ರಗಳೆಲ್ಲ ಊರವರವು. ಸ್ತ್ರೀಪಾತ್ರಕ್ಕೆ ಬರುವವರು ಹೆಚ್ಚಾಗಿ ಹೊರಗಿನ ವೃತ್ತಿ ಕಲಾವಿದೆಯರು. ಊರವರು ತಿಂಗಳುಗಟ್ಟಲೆ ತಾಲೀಮು ಮಾಡಿದ ನಾಟಕಕ್ಕೆ ಬಂದ ಕೂಡಲೇ ಹೊಂದಿಕೊಂಡು, ಪೇಟಿ ಮಾಸ್ತರರ ಶ್ರುತಿ ಹಿಡಿದು ಬೆಳತನಕ ಹಾಡುವುದು ಸಣ್ಣ ವಿದ್ಯೆಯಲ್ಲ. ಪರವೂರಿನ ಆ ರಾತ್ರಿಗಳಲ್ಲಿ ಜೊತೆಗೆ ಬಂದ ಇನ್ನೊಬ್ಬ ಕಲಾವಿದೆಯೇ ಅವರಿಗೆ ಅಕ್ಕ, ತಂಗಿ ಎಲ್ಲ.

ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯ ದ್ರೌಪದಿ ಎಂದರೆ ಈ ಭಾಗದ ಹಿರಿಯರಿಗೆ ಇಂದಿಗೂ ಬಳ್ಳಾರಿಯ ಸುಭದ್ರಮ್ಮ ಮನ್ಸೂರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ಅವರು ತೀರಿಕೊಂಡದ್ದು 2020ರಲ್ಲಿ.

ಗಂಡಸರೇ ಸೀರೆಯುಟ್ಟು ನಾಯಕಿಯರಾಗುತ್ತಿದ್ದ ರಂಗಭೂಮಿಯನ್ನು ತಿರುಗಿಸಿ ನಿಲ್ಲಿಸಿದವರು ಆರ್. ನಾಗರತ್ನಮ್ಮ. 1958ರಲ್ಲಿ ಮೈಸೂರಿನಲ್ಲಿ ಅವರು ಕಟ್ಟಿದ ‘ಸ್ತ್ರೀ ನಾಟಕ ಮಂಡಳಿ’ಯಲ್ಲಿ ಎಲ್ಲ ಪಾತ್ರವೂ ಹೆಂಗಸರದೇ. ಕಂಸ, ರಾವಣ, ಭೀಮ, ದುರ್ಯೋಧನರಾಗಿ ಗದೆ ಹಿಡಿದವರು ಸ್ವತಃ ನಾಗರತ್ನಮ್ಮ. ನಟಿಯರನ್ನು ಸಮಾಜ ಹಗುರವಾಗಿ ಕಾಣುತ್ತಿದ್ದ ಕಾಲದಲ್ಲಿ ಒಬ್ಬರ ಬೆನ್ನಿಗೊಬ್ಬರು ನಿಲ್ಲದೆ ಇಂಥ ಮಂಡಳಿ ಊರೂರು ತಿರುಗಲು ಆಗುತ್ತಿರಲಿಲ್ಲ. ಕನ್ನಡ ರಂಗಭೂಮಿಯ ದೊಡ್ಡ ಸಾಹಸಗಳಲ್ಲಿ ಇದೂ ಒಂದು. ಪದ್ಮಶ್ರೀ ಬಂದದ್ದು 2012ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಅವರು ನಿಧನರಾದರು.

ಬೀಳಗಿಯ ಅಕ್ಕತಂಗಿಯರಾದ ಗೋಹರಬಾಯಿ, ಅಮೀರಬಾಯಿ ಇಬ್ಬರೂ ಹೆಸರಿನ ಮುಂದೆ ‘ಕರ್ನಾಟಕಿ’ ಎಂದೇ ಇಟ್ಟುಕೊಂಡು ಮರಾಠಿ ರಂಗಭೂಮಿ, ಹಿಂದಿ ಚಿತ್ರರಂಗಗಳಲ್ಲಿ ಮೆರೆದರು.

1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್‌ಗೆ ಮೊದಲ ನಾಯಕಿಯಾದ ಪಂಢರಿಬಾಯಿ, 1986ರ ‘ಅನುರಾಗ ಅರಳಿತು’ ಚಿತ್ರದಲ್ಲಿ ಅದೇ ರಾಜಕುಮಾರ್‌ಗೆ ತಾಯಿ! ನಾಯಕನ ವಯಸ್ಸು ನಿಂತಲ್ಲೇ ನಿಂತು, ನಾಯಕಿಯದು ಮಾತ್ರ ಓಡಿತು. ಅವರ ತಂಗಿ ಮೈನಾವತಿಯೂ ಹೆಸರಾಂತ ನಟಿ.

ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಬಾಲ್ಯದಲ್ಲೇ ರಂಗಕ್ಕೆ ಬಂದವರು. 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ತೆರೆಯ ಮೇಲೆ ಬೇರೆ ನಟಿಯರಿಗೆ ಕಂಠ ಕೊಟ್ಟದ್ದೂ ಇದೇ ಜಯಶ್ರೀ.

‘ಒಡಲಾಳ’ದ ಸಾಕವ್ವನಾಗಿ ರಂಗದ ಮೇಲೆ ಬೆಳಗಿದ ಉಮಾಶ್ರೀಗೆ ‘ಗುಲಾಬಿ ಟಾಕೀಸ್’ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದಿತು. ಮಂತ್ರಿಗಿರಿ ಮುಗಿಸಿದ ಮೇಲೆ, 2024ರಲ್ಲಿ, ಯಕ್ಷಗಾನದ ಮಂಥರೆಯಾಗಿ ಮತ್ತೆ ಹೊಸಬರಂತೆ ಕುಣಿದರು.

ನಿಮ್ಮೂರಿನ ಜಾತ್ರೆಗೆ ಹಿರಿಯ ಕಲಾವಿದೆ ಬಂದರೆ ಊಟಕ್ಕೆ ಕರೆಯಿರಿ, ಜೊತೆಗಾತಿಯರ ಬಗ್ಗೆ ಕೇಳಿರಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿರಿ.