ಬದುವಿನ ಗಿಡಮೂಲಿಕೆ: ಗುಣವೂ ಉಂಟು, ಎಚ್ಚರವೂ ಬೇಕು

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಎರೆ ಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಬೆಳೆಯುವ ರೈತರ ಹೊಲಗಳಿಗೆ ಬದುಗಳಿವೆ. ಆ ಬದುಗಳ ಮೇಲೆ ಬೇವು, ಎಕ್ಕೆ, ಔಡಲ, ಹಿರೇಮದ್ದು, ನೆಲನೆಲ್ಲಿ, ಮದಗುಣಿಕೆ ಮೊದಲಾದ ಗಿಡಗಳು ಯಾರೂ ಬಿತ್ತದೆ, ಯಾರೂ ನೀರುಣಿಸದೆ ಬೆಳೆದು ನಿಂತಿರುತ್ತವೆ. ದವಾಖಾನೆ ದೂರವಿದ್ದ ಕಾಲದಲ್ಲಿ ಹಳ್ಳಿಯ ಔಷಧದ ಪೆಟ್ಟಿಗೆಯೆಂದರೆ ಈ ಬದುವೇ ಆಗಿತ್ತು. ಈಗಲೂ ಕ್ಷೇತ್ರ ಭೇಟಿಗೆ ಹೋದಾಗ ತೊಗರಿಯ ಕಾಯಿಕೊರಕದ ಬಗೆಗೆ ಪ್ರಶ್ನೆ ಕೇಳಿದ ರೈತರೇ ಬದುವಿನ ಕಡೆಗೆ ಕೈ ತೋರಿಸಿ, ‘ಇದು ಔಷಧಕ್ಕ ಬರ್ತದೇನ್ರಿ ಸಾಹೇಬ್ರ?’ ಎಂದು ಕೇಳುವುದುಂಟು.

ಈ ಲೇಖಕನು ಬೇಸಾಯ ಶಾಸ್ತ್ರದವನೇ ಹೊರತು ವೈದ್ಯನಲ್ಲ. ರೋಗಕ್ಕೆ ಮದ್ದು ಹೇಳುವುದು ಈ ಲೇಖನದ ಉದ್ದೇಶವೂ ಅಲ್ಲ. ಆದರೆ ಗಿಡ ಬೆಳೆಯುವುದು ಹೊಲದಲ್ಲಿ. ಹೊಲಕ್ಕೆ ಬಿದ್ದದ್ದೆಲ್ಲ ಗಿಡಕ್ಕೂ ಬೀಳುತ್ತದೆ. ಗಿಡದ ಒಳಗಿನ ಸತ್ವವು ಮಣ್ಣು, ನೀರು, ಹಂಗಾಮುಗಳಿಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಆದುದರಿಂದ ಗಿಡಮೂಲಿಕೆಯ ವಿಷಯದಲ್ಲಿ ಬೇಸಾಯ ಶಾಸ್ತ್ರಕ್ಕೂ ಹೇಳುವುದಕ್ಕೆ ನಾಲ್ಕು ಮಾತುಗಳಿವೆ.

ಗಿಡದಲ್ಲಿ ಔಷಧವಿದೆಯೆಂಬುದರಲ್ಲಿ ಸಂದೇಹವಿಲ್ಲ. ಮಲೇರಿಯಾ ಜ್ವರಕ್ಕೆ ಇಂದು ಜಗತ್ತೆಲ್ಲ ಬಳಸುವ ಆರ್ಟಿಮಿಸಿನಿನ್ ಎಂಬ ಔಷಧವು ನಮ್ಮ ಮಾಚಿಪತ್ರೆಯ ಬಳಗಕ್ಕೆ ಸೇರಿದ ಒಂದು ಗಿಡದಿಂದ ಬಂದುದು. ಅದನ್ನು ಕಂಡುಹಿಡಿದ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ಗಿಡವನ್ನು ಕುದಿಸಿ ಕಷಾಯ ಮಾಡಿದರೆ ಗುಣ ಕೆಡುತ್ತದೆ, ಕಡಿಮೆ ಶಾಖದಲ್ಲಿ ಸತ್ವ ತೆಗೆದರೆ ಮಾತ್ರ ಉಳಿಯುತ್ತದೆ ಎಂಬುದನ್ನು ತಿಳಿಯಲು ಅವರು ಹಲವಾರು ಪ್ರಯೋಗಗಳನ್ನು ಮಾಡಬೇಕಾಯಿತು. ಗಿಡ ಒಂದೇ ಆದರೂ ಮಾಡುವ ವಿಧಾನ ಮತ್ತು ಪ್ರಮಾಣ ಬದಲಾದರೆ ಫಲವೂ ಬದಲಾಗುತ್ತದೆ.

ಅಡಿಗೆಮನೆಯಿಂದ ಆರಂಭ

ದಿನನಿತ್ಯ ಆಹಾರವಾಗಿ ಬಳಸುತ್ತ ಬಂದಿರುವ ಪದಾರ್ಥಗಳು ಎಲ್ಲಕ್ಕಿಂತ ಸುರಕ್ಷಿತವಾದವು. ಇವುಗಳಲ್ಲಿ ಮೊದಲು ಹೇಳಬೇಕಾದದ್ದು ಇಂಡಿ ಭಾಗಕ್ಕೆ ಹೆಸರು ತಂದ ಲಿಂಬೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಮೆಂತ್ಯ ಸೊಪ್ಪು ಇವುಗಳಲ್ಲಿ ಕಬ್ಬಿಣದ ಅಂಶ ಇದ್ದರೂ ಅದು ರಕ್ತಕ್ಕೆ ಸುಲಭವಾಗಿ ಸೇರುವುದಿಲ್ಲ. ಊಟದ ಜೊತೆ ಲಿಂಬೆ ಹಿಂಡಿಕೊಂಡರೆ ಅದರಲ್ಲಿಯ ‘ಸಿ’ ಜೀವಸತ್ವವು ಈ ಕಬ್ಬಿಣವನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ. ಊಟವಾದ ಕೂಡಲೇ ಕುಡಿಯುವ ಚಹಾ ಇದಕ್ಕೆ ವಿರುದ್ಧವಾದ ಕೆಲಸ ಮಾಡುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಹೀಗಿರುವಾಗ ಮನೆಯ ತೋಟದ ಲಿಂಬೆಯನ್ನೆಲ್ಲ ಚೀಲಕ್ಕೆ ತುಂಬಿ ಪೇಟೆಗೆ ಕಳಿಸಿ, ಮನೆಯ ಹೆಣ್ಣುಮಕ್ಕಳ ತಾಟಿಗೆ ಒಂದು ಹೋಳೂ ಉಳಿಸದಿರುವುದು ಸರಿಯಲ್ಲ. ಲಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು; ಕುದಿಸಿದರೆ ಜೀವಸತ್ವ ನಷ್ಟವಾಗುತ್ತದೆ.

ವಾಂತಿ ಭೇದಿಯಾದಾಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಮೇಲಿಂದ ಮೇಲೆ ಕುಡಿಸುವುದು ಬಹು ಉಪಯುಕ್ತ. ರುಚಿಗೆ ಲಿಂಬೆ ಹಿಂಡಬಹುದು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಆದುದರಿಂದ ಅಳತೆ ತಪ್ಪಬಾರದು. ಮೂತ್ರದ ಹರಳಿನ ತೊಂದರೆ ಪದೇ ಪದೇ ಬರುವವರಿಗೂ ಲಿಂಬೆಯ ಸಿಟ್ರೇಟ್ ಅಂಶ ಒಳ್ಳೆಯದು. ಅದು ಹೊಸ ಹರಳು ಕಟ್ಟುವುದನ್ನು ತಡೆಯಲು ಸಹಾಯಕವೇ ಹೊರತು, ಈಗಾಗಲೇ ಬೆಳೆದ ದೊಡ್ಡ ಹರಳನ್ನು ಕರಗಿಸುವುದಿಲ್ಲ.

ಇಂಥ ಲಿಂಬೆಯಲ್ಲಿಯೂ ಒಂದು ಕೆಡುಕಿದೆ. ಅದರ ಸಿಪ್ಪೆ ಮತ್ತು ರಸ ಮೈಗೆ ಹತ್ತಿದಾಗ ಬಿಸಿಲಿಗೆ ಹೋದರೆ ಒಂದೆರಡು ದಿನಗಳಲ್ಲಿ ಅಲ್ಲಿ ಸುಟ್ಟಂತೆ ಬೊಬ್ಬೆಯೇಳುತ್ತದೆ. ಮುಂದೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಹಣ್ಣು ಬಿಡಿಸುವ ಕೂಲಿಕಾರರು ಇದನ್ನು ಮುಳ್ಳು ತರಚಿದ ಗಾಯವೆಂದೋ ಹುಳ ಮುಟ್ಟಿದ್ದೆಂದೋ ತಿಳಿಯುವ ಸಂಭವವಿದೆ. ಸಿಪ್ಪೆಯಲ್ಲಿರುವ ಒಂದು ಬಗೆಯ ರಾಸಾಯನಿಕವು ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಡುವುದೇ ಇದಕ್ಕೆ ಕಾರಣ. ಬಿಡಿಸುವಾಗ ತುಂಬುದೋಳಿನ ಅಂಗಿ ತೊಡಬೇಕು. ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಮುಖ ಬೆಳ್ಳಗಾಗುವುದೆಂದು ಲಿಂಬೆ ತಿಕ್ಕಿಕೊಂಡು ಬಿಸಿಲಿಗೆ ಹೋಗುವುದನ್ನು ಹುಡುಗಿಯರು ಬಿಡಬೇಕು.

ಇನ್ನು ಮೆಂತ್ಯ. ಸಕ್ಕರೆ ರೋಗಿಗಳಿಗೆ ಮೆಂತ್ಯದ ಪುಡಿ ಕೊಟ್ಟರೆ ರಕ್ತದ ಸಕ್ಕರೆ ಇಳಿಯುತ್ತದೆಂಬುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪ್ರಯೋಗಗಳು 1980ರ ದಶಕದಲ್ಲಿ ತೋರಿಸಿವೆ. ಆದರೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಮೆಂತ್ಯವನ್ನು ಹೆಚ್ಚಾಗಿ ತಿಂದರೆ ಸಕ್ಕರೆ ಅತಿಯಾಗಿ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಮೆಂತ್ಯವನ್ನು ನಂಬಿ ಮಾತ್ರೆಯನ್ನೇ ಬಿಡುವುದು ಇದಕ್ಕಿಂತ ದೊಡ್ಡ ಅಪಾಯ. ಇನ್ನೊಂದು ಮಾತು: ಬಿತ್ತನೆಗೆಂದು ತಂದ ಮೆಂತ್ಯ, ಕೊತ್ತಂಬರಿ ಬೀಜಗಳಿಗೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಬಿತ್ತಿ ಉಳಿದ ಬೀಜವನ್ನು ಯಾವ ಕಾರಣಕ್ಕೂ ಅಡಿಗೆಮನೆಯ ಡಬ್ಬಿಗೆ ಸುರಿಯಬಾರದು.

ಅಗಸೆ ಚಟ್ನಿ, ಅಜವಾನ, ಶುಂಠಿ, ಬಾಣಂತಿಗೆ ಕೊಡುವ ಅಳ್ವಿ ಪಾಯಸ ಇವೆಲ್ಲ ಹಿತಮಿತವಾಗಿ ಉಪಯೋಗಿಸತಕ್ಕವು. ಅಳ್ವಿಯನ್ನು ಹೆರಿಗೆಯ ನಂತರ ಕೊಡುವುದೇ ರೂಢಿ, ಗರ್ಭಿಣಿಗೆ ಕೊಡಬಾರದು. ಅಗಸೆಯನ್ನು ಹೆಚ್ಚು ತಿನ್ನುವವರು ನೀರನ್ನೂ ಹೆಚ್ಚು ಕುಡಿಯಬೇಕು.

ಬದುವಿನ ಗಿಡಗಳು

ಅಡಿಗೆಮನೆಯಿಂದ ಬದುವಿಗೆ ಬಂದಾಗ ಎಚ್ಚರ ಹೆಚ್ಚಬೇಕು. ಒಂದೇ ತಳಿಯ ಮೆಣಸಿನಕಾಯಿ ಒಂದು ಹೊಲದಲ್ಲಿ ಹೆಚ್ಚು ಖಾರ, ಇನ್ನೊಂದರಲ್ಲಿ ಕಡಿಮೆ ಖಾರ ಆಗುವುದನ್ನು ರೈತರು ಬಲ್ಲರು. ಮದಗುಣಿಕೆಯ ವಿಷವೂ ಹಾಗೆಯೇ. ಅದರ ಬೀಜದಲ್ಲಿ ಎಷ್ಟು, ಎಲೆಯಲ್ಲಿ ಎಷ್ಟು, ಬೇಸಿಗೆಯಲ್ಲಿ ಎಷ್ಟು ಎಂಬುದು ಗಿಡದಿಂದ ಗಿಡಕ್ಕೆ ಬೇರೆ. ದಮ್ಮಿಗೆಂದು ಅದರ ಎಲೆಯ ಹೊಗೆ ಸೇದುವ ರೂಢಿ ಹಿಂದೆ ಇತ್ತು. ಹಿಂದಿನ ಸಲ ಹಿತವೆನಿಸಿದ ಪ್ರಮಾಣವೇ ಈ ಸಲ ಭ್ರಮೆ ಹಿಡಿಸಿ ಪ್ರಾಣಕ್ಕೆ ಎರವಾಗಬಹುದು.

ಹೆಸರಿನ ಗೊಂದಲವೂ ಇದೆ. ಮದಗುಣಿಕೆಗೆ ದತ್ತೂರಿ ಎನ್ನುವವರಿದ್ದಾರೆ. ಹಳದಿ ಹೂವಿನ, ಮುಳ್ಳೆಲೆಯ, ಮುರಿದರೆ ಹಳದಿ ಹಾಲು ಬರುವ ಕಳೆಗೂ ದತ್ತೂರಿ ಎನ್ನುತ್ತಾರೆ. ಎರಡೂ ವಿಷವೇ, ಆದರೆ ಬೇರೆ ಬೇರೆ ವಿಷ. ಈ ಎರಡನೆಯ ದತ್ತೂರಿಯ ಬೀಜ ಸಾಸಿವೆಯಂತೆಯೇ ಕಾಣುತ್ತದೆ. 1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಯಲ್ಲಿ ಇದರ ಎಣ್ಣೆ ಬೆರೆತು, ಮೈ ಬಾತು, ಅರವತ್ತಕ್ಕೂ ಹೆಚ್ಚು ಜನ ಸತ್ತರು. ಆದುದರಿಂದ ಬಾಯಿಮಾತಿನ ಹೆಸರನ್ನು ನಂಬಿ ಗಿಡ ಕೀಳಬಾರದು.

ಎಕ್ಕೆಯ ಎಲೆಯನ್ನು ಬೆಚ್ಚಗೆ ಮಾಡಿ ಕೀಲು ನೋವಿಗೆ ಕಟ್ಟುತ್ತಾರೆ. ಆದರೆ ಹಾಲು ತಾಗಿದ ಚರ್ಮ ಉರಿದು ಗುಳ್ಳೆ ಏಳಬಹುದು. ಗಾಯಕ್ಕಂತೂ ಎಕ್ಕೆ ತಗಲಬಾರದು. ಹಾಲು ಕಣ್ಣಿಗೆ ಸಿಡಿದರೆ ವಿಶೇಷ ಅಪಾಯ. ಕೆಲವೊಮ್ಮೆ ನೋವೇ ಇರದೆ ದೃಷ್ಟಿ ಮಂಜಾಗುತ್ತದೆ. ನೋವಿಲ್ಲವೆಂದು ಜನ ಅಲಕ್ಷ್ಯ ಮಾಡುತ್ತಾರೆ. ಕೂಡಲೇ ಶುದ್ಧ ನೀರಿನಿಂದ ಹದಿನೈದು ಇಪ್ಪತ್ತು ನಿಮಿಷ ತೊಳೆದು ಕಣ್ಣಿನ ವೈದ್ಯರ ಬಳಿ ಹೋಗಬೇಕು. ಹನುಮಂತ ದೇವರ ಮಾಲೆಗೆ ಎಕ್ಕೆ ಹೂ ಕೀಳುವ ಮಕ್ಕಳಿಗೆ ಇದನ್ನು ತಿಳಿಸಿ ಹೇಳಬೇಕು.

ಔಡಲದ ಎಣ್ಣೆಗೂ ಬೀಜಕ್ಕೂ ವ್ಯತ್ಯಾಸವಿದೆ. ಬೀಜದಲ್ಲಿಯ ರಿಸಿನ್ ಎಂಬ ಘೋರ ವಿಷವು ಎಣ್ಣೆಗೆ ಇಳಿಯದೆ ಹಿಂಡಿಯಲ್ಲಿ ಉಳಿಯುತ್ತದೆ. ಔಡಲ ಹಿಂಡಿಯನ್ನು ಗೊಬ್ಬರಕ್ಕೆ ಹಾಕುತ್ತೇವೆಯೇ ಹೊರತು ದನಗಳಿಗೆ ತಿನ್ನಿಸದಿರುವುದು ಇದೇ ಕಾರಣಕ್ಕೆ. ಚುಕ್ಕೆಯ ಚೆಂದದ ಬೀಜಗಳನ್ನು ಚಿಕ್ಕಮಕ್ಕಳ ಕೈಗೆ ಆಟಕ್ಕೆ ಕೊಡಬಾರದು.

ಅಮೃತಬಳ್ಳಿಯನ್ನು ಕೊರೋನಾ ಕಾಲದಲ್ಲಿ ಅನೇಕರು ತಿಂಗಳುಗಟ್ಟಲೆ ಕುಡಿದರು. 2021ರಲ್ಲಿ ಮುಂಬಯಿಯ ವೈದ್ಯರು ಹೀಗೆ ಕುಡಿದ ಆರು ಮಂದಿಯ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯವು ಇದನ್ನು ಒಪ್ಪದೆ, ಅದನ್ನೇ ಹೋಲುವ ಬೇರೆ ಬಳ್ಳಿ ಬಳಕೆಯಾಗಿರಬಹುದೆಂದಿತು. ಯಾವುದು ನಿಜವಾದರೂ ರೈತನಿಗೆ ಸಿಗುವ ತಿಳಿವಳಿಕೆ ಒಂದೇ: ಗುರುತು ಖಚಿತವಿಲ್ಲದ ಬಳ್ಳಿಯನ್ನು ದೀರ್ಘಕಾಲ ಸೇವಿಸಬಾರದು. ಹಿರೇಮದ್ದು ಅಂದರೆ ಅಶ್ವಗಂಧದ ವಿಷಯದಲ್ಲಿಯೂ ಗರ್ಭಿಣಿಯರು, ಥೈರಾಯಿಡ್ ಮತ್ತು ಯಕೃತ್ತಿನ ತೊಂದರೆಯುಳ್ಳವರು ದೂರವಿರುವುದು ಒಳ್ಳೆಯದು.

ಕಾಮಣಿ ಮತ್ತು ಹೋಲಿಕೆಯ ತಾಕು

ನಮ್ಮ ಭಾಗದಲ್ಲಿ ಕಾಮಣಿಯಾದರೆ ದವಾಖಾನೆಗಿಂತ ಮೊದಲು ಔಷಧಿ ಕೊಡುವವರ ಊರು ನೆನಪಾಗುತ್ತದೆ. ‘ಮೂರು ಸಲ ಕುಡಿದೆ, ಕಣ್ಣು ಬೆಳ್ಳಗಾಯಿತು’ ಎನ್ನುವವರು ಸುಳ್ಳು ಹೇಳುವುದಿಲ್ಲ. ಆದರೆ ಇದನ್ನು ಬೆಳೆ ಪ್ರಯೋಗದ ದೃಷ್ಟಿಯಿಂದ ನೋಡಬೇಕು. ಹೊಸ ಗೊಬ್ಬರದ ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಗೊಬ್ಬರ ಹಾಕದ ತಾಕನ್ನೂ ಇಡುತ್ತೇವೆ. ಒಳ್ಳೆಯ ಮಳೆಯಾದ ವರ್ಷ ಎರಡೂ ತಾಕುಗಳಲ್ಲಿ ಒಂದೇ ಇಳುವರಿ ಬಂದರೆ ಅದು ಮಳೆಯ ಫಲ, ಗೊಬ್ಬರದ್ದಲ್ಲ. ಕೆಟ್ಟ ನೀರಿನಿಂದ ಬರುವ ಕಾಮಣಿಯು ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಔಷಧ ಕುಡಿಯದವರ ತಾಕನ್ನು ನಾವು ನೋಡಿಯೇ ಇರುವುದಿಲ್ಲ. ಹೀಗಾಗಿ ಕೀರ್ತಿಯೆಲ್ಲ ಎಲೆಗೆ ಸಲ್ಲುತ್ತದೆ.

ನೆಲನೆಲ್ಲಿಯನ್ನು ವಿಜ್ಞಾನಿಗಳು ಹೋಲಿಕೆಯ ತಾಕಿಟ್ಟೇ ಪರೀಕ್ಷಿಸಿದ್ದಾರೆ. 1988ರಲ್ಲಿ ಮದರಾಸಿನ ಸಂಶೋಧಕರು ‘ಬಿ’ ಬಗೆಯ ಕಾಮಣಿ ವೈರಸ್ ಹೊತ್ತವರಲ್ಲಿ ಅದು ಫಲಕಾರಿಯೆಂದು ಪ್ರಕಟಿಸಿದರು. ದೊಡ್ಡ ಆಶೆ ಹುಟ್ಟಿತು. ಮುಂದೆ ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಮತ್ತೆ ದೊರೆಯಲಿಲ್ಲ. ಈ ಬಗೆಯ ಕಾಮಣಿಗೆ ಈಗ ಲಸಿಕೆಯೇ ಇದೆ.

ತಾನಾಗಿ ಇಳಿಯುವ ರೋಗವೆಂದು ಎಲ್ಲರೂ ಕಾಯುವಂತಿಲ್ಲ. ಗರ್ಭಿಣಿಗೆ, ಅದರಲ್ಲಿಯೂ ಕೊನೆಯ ತಿಂಗಳುಗಳಲ್ಲಿ, ‘ಇ’ ಬಗೆಯ ಕಾಮಣಿ ಬಂದರೆ ಐವರಲ್ಲಿ ಒಬ್ಬರು ಸಾಯುವಷ್ಟು ಅದು ತೀವ್ರವಾಗಬಹುದು. ಹುಟ್ಟಿದ ಕೂಸು ಹಳದಿಯಾದರೆ, ರೋಗಿಗೆ ಮಂಪರು ಬಂದರೆ, ಹೊಟ್ಟೆ ಉಬ್ಬಿದರೆ, ರಕ್ತ ವಾಂತಿಯಾದರೆ ಒಂದು ಗಂಟೆಯೂ ತಡ ಮಾಡಬಾರದು. ಕಣ್ಣಿಗೆ, ಮೂಗಿಗೆ ರಸ ಬಿಡಿಸುವುದು, ಬರೆ ಹಾಕಿಸುವುದು ಇವುಗಳಿಂದ ಕೆಡುಕಲ್ಲದೆ ಒಳ್ಳೆಯದಿಲ್ಲ.

ಕೂಸುಗಳಿಗೆ ಮಾತ್ರ ಬೇಡ

ಕೂಸಿಗೆ ಬಜೆ ತೇಯ್ದು ನೆಕ್ಕಿಸುವುದು, ಹೊಟ್ಟೆ ಕಟ್ಟಿದರೆ ಔಡಲ ಎಣ್ಣೆ ಕುಡಿಸುವುದು, ಕೆಮ್ಮಿಗೆ ಬೇವಿನೆಣ್ಣೆಯ ಹನಿ ಹಾಕುವುದು ಹಿರಿಯರು ಮಮತೆಯಿಂದಲೇ ಮಾಡುವ ಕೆಲಸಗಳು. ಆದರೆ 1981ರಲ್ಲಿ ಮಲೇಶಿಯಾದ ವೈದ್ಯರು ಬೇವಿನೆಣ್ಣೆ ಕುಡಿಸಿದ ಕೂಸುಗಳಿಗೆ ಫಿಟ್ಸ್ ಬಂದು ಎಚ್ಚರ ತಪ್ಪಿದ ಪ್ರಕರಣಗಳನ್ನು ವರದಿ ಮಾಡಿದರು. ಬಜೆಯಲ್ಲಿ ಅಸರೋನ್ ಎಂಬ ಅಂಶವಿದ್ದು, ಅಮೆರಿಕಾ ದೇಶವು 1968ರಲ್ಲಿಯೇ ಅದನ್ನು ಆಹಾರದಲ್ಲಿ ನಿಷೇಧಿಸಿತು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು. ಒಂದು ವರ್ಷದವರೆಗೆ ಜೇನುತುಪ್ಪವೂ ಬೇಡ. ಕೃಷಿ ಅಂಗಡಿಯಲ್ಲಿ ಸಿಗುವ ಬೇವಿನ ಕೀಟನಾಶಕದಲ್ಲಿ ಬೇವಿನ ಜೊತೆಗೆ ಬೇರೆ ದ್ರಾವಕಗಳೂ ಇರುತ್ತವೆ. ಅದನ್ನು ಮನುಷ್ಯರ ಮೈಗೆ ಸಹ ಹಚ್ಚಬಾರದು.

ಸಿಂಪರಣೆಯಾದ ಹೊಲದ ಬದು

ಬದುವಿನ ಗಿಡಗಳ ಬಗೆಗೆ ಬೇಸಾಯ ಶಾಸ್ತ್ರದವನು ಒತ್ತಿ ಹೇಳಬೇಕಾದದ್ದು ಇದು. ತೊಗರಿ, ಹತ್ತಿ, ದ್ರಾಕ್ಷಿ, ಲಿಂಬೆಗಳಿಗೆ ಸಿಂಪಡಿಸಿದ ಔಷಧವು ಗಾಳಿಗೆ ತೇಲಿ ಬದುವಿನ ನೆಲನೆಲ್ಲಿಯ ಮೇಲೂ ಬೀಳುತ್ತದೆ. ಅಂತರವ್ಯಾಪಿ ಕೀಟನಾಶಕಗಳು ಎಲೆಯೊಳಗೇ ಇಳಿಯುವುದರಿಂದ ತೊಳೆದರೂ ಹೋಗುವುದಿಲ್ಲ. ಬೆಳೆಗೆ ಕೊಯ್ಲಿನ ಮೊದಲು ಇಷ್ಟು ದಿನ ಕಾಯಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಬದುವಿನ ಗಿಡಕ್ಕೆ ಅಂಥ ಲೆಕ್ಕ ಯಾರೂ ಇಟ್ಟಿಲ್ಲ. ಕೆಲವು ಕಳೆನಾಶಕಗಳು ಬಿದ್ದ ಗಿಡ ನಾಲ್ಕೈದು ದಿನ ಹಸಿರಾಗಿಯೇ ನಿಂತಿರುತ್ತದೆ. ನೋಟದಿಂದ ಏನೂ ತಿಳಿಯದು.

ಆದುದರಿಂದ ಮನೆ ಬಳಕೆಗೆ ತುಳಸಿ, ದೊಡ್ಡಪತ್ರೆ, ಲೋಳಸರ, ಶುಂಠಿ, ಅಜವಾನ ಮುಂತಾದವನ್ನು ಹಿತ್ತಲಲ್ಲಿ, ಬಚ್ಚಲ ನೀರು ನೇರವಾಗಿ ನಿಲ್ಲದ ಕಡೆ, ಒಂದು ಸಣ್ಣ ಮಡಿಯಲ್ಲಿ ಬೆಳೆಸುವುದು ಲೇಸು. ಸೊಪ್ಪನ್ನು ಮುಂಜಾನೆ ಇಬ್ಬನಿ ಆರಿದ ಮೇಲೆ ಬಿಡಿಸಿ, ನೆರಳಿನಲ್ಲಿ ತೆಳ್ಳಗೆ ಹರಡಿ, ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿಸಬೇಕು. ಬೂಸಲು ಬಂದದ್ದನ್ನು ತಿಪ್ಪೆಗೆ ಹಾಕಬೇಕು. ಲೋಳಸರದ ಎಲೆ ಕೊಯ್ದಾಗ ಒಸರುವ ಹಳದಿ ರಸವು ತೀವ್ರ ಭೇದಿ ತರುವುದರಿಂದ ಅದನ್ನು ಪೂರ್ತಿ ಸೋರಲು ಬಿಟ್ಟು ತೊಳೆದು, ಒಳಗಿನ ಲೋಳೆಯನ್ನು ಮಾತ್ರ ಮೈಗೆ ಹಚ್ಚಲು ಬಳಸಬೇಕು.

ಹಾವು ಕಚ್ಚಿದಾಗ ಯಾವ ಬೇರೂ, ಯಾವ ಎಲೆಯೂ ಆಗದು. ಸರ್ಪವಿಷ ಪ್ರತಿರೋಧಕ ಚುಚ್ಚುಮದ್ದು ಒಂದೇ ಮದ್ದು. ಕಚ್ಚಿದ ಕಾಲನ್ನು ಅಲುಗಿಸದೆ, ಕೊಯ್ಯದೆ, ಬಿಗಿದು ಕಟ್ಟದೆ 108ಕ್ಕೆ ಫೋನ್ ಮಾಡಬೇಕು. ಕೀಟನಾಶಕ ಹೊಟ್ಟೆಗೆ ಹೋದವರಿಗೆ ಹುಣಸೆ ನೀರು, ಉಪ್ಪು ನೀರು, ಸೆಗಣಿ ನೀರು ಕುಡಿಸಿ ವಾಂತಿ ಮಾಡಿಸಲು ಹೋದರೆ ವಿಷ ಶ್ವಾಸಕೋಶಕ್ಕೆ ಇಳಿದು ಬದುಕುವವನೂ ಸಾಯಬಹುದು. ಮೈ ಮೇಲಿನ ಬಟ್ಟೆ ತೆಗೆದು, ಸಾಬೂನು ನೀರಿನಿಂದ ತೊಳೆದು, ಡಬ್ಬಿಯನ್ನೂ ಜೊತೆಗೊಯ್ಯಬೇಕು. ಗಿಡದ ವಿಷವಾದರೆ ತಿಂದ ಗಿಡದ ಒಂದು ಟೊಂಗೆಯನ್ನು ಎಲೆ, ಕಾಯಿ ಸಹಿತ ಒಯ್ದು ತೋರಿಸಬೇಕು. ಬೇರೆ ಯಾವ ಕಾಯಿಲೆಗೆ ಹೋದರೂ ಮನೆಯಲ್ಲಿ ಕುಡಿಯುತ್ತಿರುವ ಕಷಾಯ, ಪುಡಿ ಯಾವುದೆಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು, ಬಯ್ಯುತ್ತಾರೆಂದು ಮುಚ್ಚಿಡಬಾರದು.