ಮೊದಲ ಡೆಸ್ಕ್‌ಟಾಪ್‌ಗೆ ಬಿಡಿಭಾಗಗಳ ಆಯ್ಕೆ

ಮನೆಯಲ್ಲೇ ಜೋಡಿಸುವ ಡೆಸ್ಕ್‌ಟಾಪ್‌ನ ಆಯ್ಕೆ ಪ್ರೊಸೆಸರ್‌ನಿಂದ ಶುರು. ಮದರ್‌ಬೋರ್ಡ್‌, ರ್‍ಯಾಮ್‌ ಎರಡನ್ನೂ ಬಹುಮಟ್ಟಿಗೆ ನಿರ್ಧರಿಸುವುದು ಅದರ ಸಾಕೆಟ್‌. 2022ರಲ್ಲಿ ಬಂದ ಎಎಮ್‌ಡಿಯ ಎಎಮ್‌5 ಸಾಕೆಟ್‌ಗೆ ಡಿಡಿಆರ್‌5 ರ್‍ಯಾಮೇ ಬೇಕು. ಹಳೆಯ ಎಎಮ್‌4ಗೆ ಡಿಡಿಆರ್‌4. ಇವೆರಡರ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. 8 ಜಿಬಿಯ ಎರಡು ರ್‍ಯಾಮ್‌ ಹಾಕಿದರೆ 16 ಜಿಬಿಯ ಒಂದೇ ರ್‍ಯಾಮ್‌ಗಿಂತ ವೇಗ ಹೆಚ್ಚು.

ಓದು, ಲೆಕ್ಕಪತ್ರ, ಕನ್ನಡ ಟೈಪಿಂಗ್‌ಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ಆದರೆ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಕಾರ್ಡ್ ಇಲ್ಲದೆ ಪರದೆ ಬೆಳಗದು. ಸಂಗ್ರಹಕ್ಕೆ 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಸಾಕು.

ಹಲವರು ಹಣ ಉಳಿಸಲು ಹೋಗುವುದು ಪವರ್ ಸಪ್ಲೈಯಲ್ಲಿ. ಅಲ್ಲಿ ಮಾತ್ರ ಉಳಿಸಬಾರದು: ಅದು ಕೆಟ್ಟರೆ ಉಳಿದ ಭಾಗಗಳನ್ನೂ ಸುಡಬಹುದು. '80 ಪ್ಲಸ್' ಗುರುತು ವಿದ್ಯುತ್ ಎಷ್ಟು ಕಡಿಮೆ ಪೋಲಾಗುತ್ತದೆ ಎಂದಷ್ಟೇ ಹೇಳುತ್ತದೆ, ಹೆಚ್ಚು ವೋಲ್ಟೇಜ್ ಬಂದಾಗ ತಡೆಯುವ ರಕ್ಷಣೆಯನ್ನು ಪ್ರತ್ಯೇಕವಾಗಿ ನೋಡಬೇಕು. ಮೈಸೂರಿನ ಕುಂಬಾರಕೊಪ್ಪಲಿನ ಮನೆಗಾದರೆ ಏಪ್ರಿಲ್‌, ಮೇ ತಿಂಗಳ ಗುಡುಗುಮಳೆಯೂ ಲೆಕ್ಕಕ್ಕೆ ಬರುತ್ತದೆ. ಸರಿಯಾದ ಅರ್ಥಿಂಗ್, ಪುಟ್ಟ ಯುಪಿಎಸ್ ಎರಡೂ ಬೇಕು.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಂಡರೂ ಮೈಸೂರಿನಲ್ಲೇ ಕೊಂಡರೂ, ಪ್ರತಿ ಭಾಗದ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲು ಪಡೆಯಬೇಕು. ವಾರಂಟಿ ಕೇಳುವಾಗ ತೋರಿಸಬೇಕಾದ್ದು ಅದನ್ನೇ.