ತಾಳ್ಯದ ಹಾಡಿಗೆ ಬೆಂಗಳೂರಿನ ತಬಲಾ

ಚಿತ್ರದುರ್ಗ ಜಿಲ್ಲೆಯ ತಾಳ್ಯದ ಮನೆಯಲ್ಲಿ ಅಜ್ಜಿ ಹಾಡಿದ ತತ್ವಪದಕ್ಕೆ ಬೆಂಗಳೂರಿನ ಮೊಮ್ಮಗ ತಬಲಾ ಸೇರಿಸಲು ಇಂದು ಎರಡು ಮೊಬೈಲ್, ಇಂಟರ್‌ನೆಟ್ ಇದ್ದರೆ ಸಾಕು. ಈ ಸಲೀಸು ಬರಲು ಬಹಳ ಕಾಲ ಹಿಡಿಯಿತು.

ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣಕ್ಕೆ ಬಹುಕಾಲ ಮದ್ರಾಸೇ ಗತಿಯಾಗಿತ್ತು. ಶಂಕರ್‌ನಾಗ್, ಅನಂತನಾಗ್ ಸಹೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿ ಆ ಅಲೆದಾಟ ತಗ್ಗಿಸಿದರು. 1978ರಲ್ಲಿ ಕವಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂತು, ಭಾವಗೀತೆ ಮನೆಮನೆಗೆ ಹೋಯಿತು. ಹೀಗೆ ಕ್ಯಾಸೆಟ್ಟು ಹಳ್ಳಿಗೆ ಬಂತೇ ಹೊರತು, ಹಳ್ಳಿಯ ದನಿ ಕ್ಯಾಸೆಟ್ಟಿಗೆ ಹೋದದ್ದು ಅಪರೂಪ. ನಮ್ಮ ಜಿಲ್ಲೆಯದೇ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಗೆ ಸಾವಿರಾರು ಹಾಡುಗಳು ಬಾಯಿಗೆ ಬರುತ್ತಿದ್ದವು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಹುಡುಕಿಕೊಂಡು ಹೋದದ್ದರಿಂದ ಅವು ದಾಖಲಾದವು. ಹಾಗೆ ಯಾರೂ ಹುಡುಕಿ ಹೋಗದ ಅಜ್ಜಿಯರ ಹಾಡು ಅವರೊಂದಿಗೇ ಮಣ್ಣಾಯಿತು.

ಅತ್ತ ಧ್ವನಿಮುದ್ರಣದ ಯಂತ್ರಗಳು ಬದಲಾಗುತ್ತಿದ್ದವು. ದನಿಯನ್ನು ಪದರ ಪದರವಾಗಿ ಹಿಡಿಯುವ ಎಂಟು ಟ್ರ್ಯಾಕಿನ ಟೇಪ್ ಯಂತ್ರವನ್ನು 1957ರಲ್ಲಿ ಆಂಪೆಕ್ಸ್ ಕಂಪನಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್‌ಗೆ ಮಾಡಿಕೊಟ್ಟಿತ್ತು. 2000ದಲ್ಲಿ ಬಂದ ಆಡಾಸಿಟಿ ಎಂಬ ತಂತ್ರಾಂಶ ಆ ಕೆಲಸವನ್ನು ಮನೆಯ ಕಂಪ್ಯೂಟರಿನಲ್ಲಿ ಉಚಿತವಾಗಿ ಮಾಡಿಕೊಟ್ಟಿತು. ಆಮೇಲೆ ಸ್ಟಾಕ್‌ಹೋಮಿನ ಸೌಂಡ್‌ಟ್ರ್ಯಾಪ್, ಸಿಂಗಪುರದ ಬ್ಯಾಂಡ್‌ಲ್ಯಾಬ್ ಇದನ್ನು ಇಂಟರ್‌ನೆಟ್ಟಿಗೇರಿಸಿದವು. ಒಂದೇ ಹಾಡಿನ ಕಡತವನ್ನು ಬೇರೆ ಬೇರೆ ಊರಿನವರು ತೆರೆದು, ತಮ್ಮ ಪಾಲು ಸೇರಿಸಬಹುದು.

ಇಬ್ಬರೂ ಒಂದೇ ಹೊತ್ತಿಗೆ ಹಾಡಿ ನುಡಿಸಬಾರದೇಕೆ? ತಾಳ್ಯದಿಂದ ಬೆಂಗಳೂರಿಗೆ ಇನ್ನೂರು ಚಿಲ್ಲರೆ ಕಿಲೋಮೀಟರು. ಗಾಜಿನ ತಂತಿಯಲ್ಲಿ ಬೆಳಕು ಅಷ್ಟು ದೂರ ಓಡಲು ಸುಮಾರು 1 ಮಿಲಿಸೆಕೆಂಡ್ ಸಾಕು. ತಡವಾಗುವುದು ಮೊಬೈಲಿನೊಳಗೆ, ಟವರಿನಲ್ಲಿ. ಆ ತಡ 25-30 ಮಿಲಿಸೆಕೆಂಡ್ ದಾಟಿದರೆ ಒಬ್ಬರಿಗೊಬ್ಬರು ಕಾಯುವಂತಾಗಿ ಲಯ ನಿಧಾನವಾಗತೊಡಗುತ್ತದೆ. ಅದಕ್ಕೇ ಸರದಿಯ ದಾರಿ: ಅಜ್ಜಿ ಮೊದಲು ಹಾಡುತ್ತಾರೆ, ಮೊಮ್ಮಗ ಅದನ್ನು ಕೇಳುತ್ತಾ ತನ್ನ ಟ್ರ್ಯಾಕ್ ತುಂಬುತ್ತಾನೆ. ಬ್ಲೂಟೂತ್ ಇಯರ್‌ಫೋನ್ ಮಾತ್ರ ಬೇಡ, ಅದೂ ದನಿಯನ್ನು ತಡಮಾಡುತ್ತದೆ. ತಂತಿಯದ್ದೇ ಇರಲಿ.

ಅಜ್ಜಿಯನ್ನು ಲಯ ತೋರಿಸುವ ಮೆಟ್ರೊನೋಮಿನ ಟಿಕ್ ಟಿಕ್‌ಗೆ ಕಟ್ಟಿಹಾಕುವುದಂತೂ ತಪ್ಪು. ಅವರು ಉಸಿರಿಗೆ ನಿಂತಲ್ಲಿ ತಬಲಾವೂ ನಿಲ್ಲಲಿ, ಹಾಡು ಅವರದು.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಫ್ಯಾನ್, ಟಿವಿ ಆರಿಸಿ ಒಂದು ಪದ ಹಾಡಿಸಿ. ಹಾಡಿದವರ ಹೆಸರು, ಊರು, ತಾರೀಖನ್ನು ಕಡತದ ಹೆಸರಿನಲ್ಲೇ ಬರೆದಿಡಿ. ತಬಲಾ ಆಮೇಲೆ ಸೇರಿಸಿದರಾಯಿತು.